ಬೆಂಗಳೂರಲ್ಲಿ ಸಂಗೀತ ಕಚೇರಿ, ಬ್ಯಾಂಡು, ಆರ್ಕೆಸ್ಟ್ರಾ ಕೇಳೋಕೆ ಹೊರಟೋರು ಪದೇ ಪದೇ ಕೇಳೋ ಪ್ರಶ್ನೆಗಳು

ಒಂದಿನ ಸಂಜೆ ಐದೂವರೆಗೆ ಬ್ಯಾಗ್ ಎತ್ಕೊಂಡು ಹೊರಟಾಗ ಪಕ್ಕದ ಸೀಟಿನೋನು "ಎಲ್ಲಿಗೆ ಗುರೂ" ಅಂದ, ನಾನು "ಕಚೇರಿ ಇದೆ" ಅಂದೆ, "ಕಚೇರಿಯಿಂದ್ಲೇ ತಾನೇ ಎದ್ದು ಹೋಗ್ತಿರೋದು" ಅಂತ ಅವನಂದಿದ್ದಕ್ಕೆ ಇಡೀ ಫ್ಲೋರ್ ನಗ್ತು. ಆಮೇಲೆ ಒಬ್ಬೊಬ್ರೇ ಬಂದು ಮೆತ್ತಗೆ ಕೇಳೋಕೆ ಶುರು ಮಾಡಿದ್ರು, ಟಿಕೆಟ್ ಎಷ್ಟು, ಎಲ್ಲಿ, ನಮ್ಮಂಥೋರು ಬರ್ಬೋದಾ ಅಂತ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೆ ಇಲ್ಲಿ ಒಂದೇ ಸಲ ಬರ್ದು ಹಾಕ್ತಿದೀನಿ. ನಾನು ಹಾಡೋನಲ್ಲ, ವಿಮರ್ಶಕನೂ ಅಲ್ಲ, ಹದಿನೈದು ವರ್ಷದಿಂದ ಹಿಂದಿನ ಸಾಲಲ್ಲಿ ಕೂತು ಕೇಳ್ಕೊಂಡು ಬಂದಿರೋನು ಅಷ್ಟೇ.

ನಂಗೆ ರಾಗ ತಾಳ ಏನೂ ಗೊತ್ತಿಲ್ಲ, ಹೋಗ್ಬೋದಾ?

ಹೋಗಿ. ಎಲ್ಲರೂ ಮೊದಲು ಕೇಳೋದೇ ಇದನ್ನ, ಅದೂ ಒಂಥರಾ ತಪ್ಪು ಮಾಡಿರೋರ ಹಾಗೆ ದನಿ ತಗ್ಗಿಸಿ. ಊಟ ಮಾಡೋಕೆ ಅಡುಗೆ ಬರ್ಲೇಬೇಕು ಅಂತೇನಿಲ್ವಲ್ಲ. ನಂಗೆ ಮೊದಲ ಎರಡು ವರ್ಷ ಕಲ್ಯಾಣಿಗೂ ಶಂಕರಾಭರಣಕ್ಕೂ ವ್ಯತ್ಯಾಸ ತಿಳೀತಿರ್ಲಿಲ್ಲ, ಈಗ್ಲೂ ಕೆಲವು ಸಲ ಎಡವ್ತೀನಿ, ಯಾವ ರಾಗ ಕೇಳಿದ್ರೂ ಯಾವುದೋ ಹಳೇ ಸಿನಿಮಾ ಹಾಡು ನೆನಪಾಗೋದು, ಅದನ್ನ ಯಾರ ಹತ್ರಾನೂ ಹೇಳ್ಕೊಳ್ದೇ ಒಳಗೊಳಗೇ ಇಟ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅರ್ಧ ಸಭೆ ಮಾಡೋದೂ ಅದನ್ನೇ.

ತಾಳ ನಾನು ಕಲ್ತಿದ್ದು ಗಾಯನ ಸಮಾಜದಲ್ಲಿ ಪಕ್ಕದಲ್ಲಿ ಕೂತಿದ್ದ ಒಬ್ರು ಅಜ್ಜನ ತೊಡೆ ನೋಡಿ. ಅವರು ಬಲಗೈ ತೊಡೆ ಮೇಲೆ ಒಂದು ಏಟು ಹಾಕೋರು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ಒಂದು ಏಟು ಕೈ ತಿರುಗಿಸೋದು, ಮತ್ತೆ ಒಂದು ಏಟು ಮತ್ತೆ ತಿರುಗಿಸೋದು. ಎಂಟು. ಅದೇ ಆದಿತಾಳ. ಅವರು ನನ್ನ ಕಡೆ ನೋಡ್ಲೂ ಇಲ್ಲ, ಆದ್ರೆ ನಾನು ನೋಡ್ತಿದೀನಿ ಅಂತ ಗೊತ್ತಾದ್ಮೇಲೆ ಏಟು ಸ್ವಲ್ಪ ಜೋರಾಗಿ, ಬೆರಳು ಸ್ವಲ್ಪ ನಿಧಾನವಾಗಿ ಮಡಚೋಕೆ ಶುರು ಮಾಡಿದ್ರು. ಕಚೇರಿ ಮುಗಿದ ಮೇಲೆ "ಏನಪ್ಪಾ, ಬಂತಾ" ಅಂದ್ರು. ಅಷ್ಟೇ ನನ್ನ ಪಾಠ, ಗುರುದಕ್ಷಿಣೆ ಒಂದು ಕಾಫಿ.

ಸರಿ, ಎಲ್ಲೆಲ್ಲಿ ನಡೆಯುತ್ತೆ?

ಶಾಸ್ತ್ರೀಯ ಸಂಗೀತ ಆದ್ರೆ ಮೊದಲು ಹೇಳಿದ ಗಾಯನ ಸಮಾಜ, ಕೆ.ಆರ್. ರಸ್ತೇಲಿದೆ, 1905ರಲ್ಲಿ ಶುರುವಾಗಿದ್ದು, ನ್ಯಾಷನಲ್ ಕಾಲೇಜ್ ಮೆಟ್ರೋ ಇಳಿದು ನಡ್ಕೊಂಡೇ ಹೋಗ್ಬೋದು. ಚೌಡಯ್ಯ ಹಾಲ್ ವೈಯಾಲಿಕಾವಲ್ ಕಡೆ, ಅದು ಪಿಟೀಲಿನ ಆಕಾರದಲ್ಲಿರೋ ಕಟ್ಟಡ, 1980ರದ್ದು. ಪಿಟೀಲಿಗೆ ನಾಲ್ಕೇ ತಂತಿ ಇರೋದು, ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಿಸ್ಲಿ ಅಂತ ಮೈಸೂರಿನ ಟಿ. ಚೌಡಯ್ಯನೋರು ಏಳು ತಂತಿ ಹಾಕಿ ನುಡಿಸಿದ್ರು, ಕಟ್ಟಡದ ಮುಂದೆ ತಂತಿ ಎಣಿಸಿ ನೋಡಿ.

ಸುಗಮ ಸಂಗೀತ, ಜಾನಪದ, ರಂಗಗೀತೆ ಅಂದ್ರೆ ಜೆ.ಸಿ. ರಸ್ತೆ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ. ದೊಮ್ಮಲೂರಲ್ಲಿ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಇದೆ, ಅಲ್ಲಿ ಎಷ್ಟೋ ಕಾರ್ಯಕ್ರಮ ಫ್ರೀ, ರಿಜಿಸ್ಟರ್ ಮಾಡ್ಕೊಂಡು ಸ್ವಲ್ಪ ಮುಂಚೆ ಹೋದ್ರಾಯ್ತು. ಜೆ.ಪಿ. ನಗರದಲ್ಲಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಅಂತ ಸಂಗೀತದ ಮ್ಯೂಸಿಯಂ ಇದೆ, ಅಲ್ಲೂ ಆಗಾಗ ಕಚೇರಿ ಇಡ್ತಾರೆ. ಬ್ಯಾಂಡ್‌ಗಳು ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಪಬ್‌ಗಳಲ್ಲಿ.

ಇವೆಲ್ಲ ದೂರ ಆಯ್ತು ಅಂದ್ರೆ ನಿಮ್ಮ ಏರಿಯಾ ದೇವಸ್ಥಾನದ ನೋಟಿಸ್ ಬೋರ್ಡ್ ನೋಡಿ. ನಾನು ಕೇಳಿರೋ ಒಳ್ಳೆ ಕಚೇರಿಗಳಲ್ಲಿ ಅರ್ಧಕ್ಕರ್ಧ ಮೂವತ್ತು ನಲವತ್ತು ಜನ ಕೂತಿದ್ದ ದೇವಸ್ಥಾನದ ಮೊದಲ ಮಹಡೀಲಿ ಆಗಿದ್ದು, ಆ ಹುಡುಗ ಹುಡುಗೀರು ಐದು ವರ್ಷ ಬಿಟ್ಟು ದೊಡ್ಡ ಹಾಲಲ್ಲಿ ಟಿಕೆಟ್ ಇಟ್ಟು ಹಾಡಿದ್ರು.

ರಾಮನವಮಿ ಸೀಸನ್ ಅಂತಾರಲ್ಲ, ಏನದು?

ಚೆನ್ನೈಗೆ ಡಿಸೆಂಬರ್ ಹೇಗೋ ನಮಗೆ ಏಪ್ರಿಲ್ ಹಾಗೆ. ಯುಗಾದಿ ಕಳೀತಿದ್ದ ಹಾಗೇ ಶುರು, ಊರ ತುಂಬಾ ಪೆಂಡಾಲು. ಇದರಲ್ಲಿ ದೊಡ್ಡದು ಚಾಮರಾಜಪೇಟೆ ಫೋರ್ಟ್ ಹೈಸ್ಕೂಲ್ ಮೈದಾನದ್ದು, ಶ್ರೀ ರಾಮಸೇವಾ ಮಂಡಳಿಯೋರು 1939ರಿಂದ ನಡೆಸ್ಕೊಂಡು ಬಂದಿದಾರೆ, ಎಸ್.ವಿ. ನಾರಾಯಣಸ್ವಾಮಿ ರಾವ್ ಅನ್ನೋರು ಶುರು ಮಾಡಿದ್ದು, ಹೆಚ್ಚುಕಮ್ಮಿ ಒಂದು ತಿಂಗಳು ದಿನಾ ಸಂಜೆ ಕಚೇರಿ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದಾರೆ, ಭೀಮಸೇನ ಜೋಶಿ ಹಾಡಿದಾರೆ, ಕರ್ನಾಟಕ ಸಂಗೀತ ಹಿಂದೂಸ್ತಾನಿ ಎರಡೂ ಒಂದೇ ಪೆಂಡಾಲಲ್ಲಿ ಸಿಗೋದು ಅಲ್ಲಿನ ವಿಶೇಷ.

ಎಸಿ ಇಲ್ಲ. ಸೆಖೆ, ಫ್ಯಾನ್ ಸದ್ದು, ಮಲ್ಲಿಗೆ ವಾಸನೆ, ಹೊರಗಡೆ ಬಸ್ಸಿನ ಹಾರ್ನು, ಇದೆಲ್ಲ ಸೇರೇ ಆ ಕಚೇರಿ. ಸೌಂಡ್‌ಪ್ರೂಫ್ ಹಾಲಲ್ಲಿ ಮಾತ್ರ ಕೇಳ್ತೀನಿ ಅನ್ನೋರಿಗೆ ಇದು ಹಿಡಿಸಲ್ಲ, ಅವರ ತಪ್ಪೂ ಅಲ್ಲ ಬಿಡಿ. ಏಪ್ರಿಲ್ ಕೊನೇಲಿ ಭರಣಿ ಮಳೆ ಬಂದ್ರೆ ಇನ್ನೊಂದು ಮಜಾ. ಒಂದು ವರ್ಷ ಗಾಯಕಿ ಆಲಾಪನೆ (ಸಾಹಿತ್ಯ, ತಾಳ ಇಲ್ದೆ ಬರೀ ರಾಗ ಬಿಡಿಸಿ ಹಾಡೋದು) ಮಧ್ಯದಲ್ಲಿದ್ರು, ಆಲಿಕಲ್ಲು ಸಮೇತ ಮಳೆ ಸುರೀತು, ತಗಡಿನ ಮೇಲೆ ಎಷ್ಟು ಸದ್ದು ಅಂದ್ರೆ ಪಿಟೀಲಿನವರ ಕೈ ಆಡ್ತಿದೆ ನಾದ ಮಾತ್ರ ಕೇಳ್ತಿಲ್ಲ, ಗಾಯಕಿ ನಿಲ್ಲಿಸಿ ಸುಮ್ನೆ ನಕ್ಕೊಂಡು ಕೂತ್ರು, ಹಿಂದಿನಿಂದ ಯಾರೋ "ಅಮ್ಮಾ, ಅಮೃತವರ್ಷಿಣಿ ಮಾತ್ರ ಮುಟ್ಬೇಡಿ" ಅಂತ ಕೂಗಿದ್ರು (ಹಾಡಿದ್ರೆ ಮಳೆ ಬರುತ್ತೆ ಅಂತ ನಂಬೋ ರಾಗ ಅದು). ಇಪ್ಪತ್ತು ನಿಮಿಷ ಕಾದ್ವಿ. ಯಾರೂ ಎದ್ದು ಹೋಗ್ಲಿಲ್ಲ (ಎಲ್ಲಿಗೆ ಹೋಗ್ತಾರೆ ಆ ಮಳೇಲಿ). ಮತ್ತೆ ಶುರು ಮಾಡಿದಾಗ ಬಿಟ್ಟ ಜಾಗದಿಂದ್ಲೇ, ಅದೇ ಸ್ವರದಿಂದ ಎತ್ಕೊಂಡ್ರು.

ರಾಮನವಮಿ ದಿನ ಬಹಳ ಕಡೆ ಪಾನಕ, ಕೋಸಂಬರಿ, ನೀರುಮಜ್ಜಿಗೆ ಕೊಡ್ತಾರೆ. ಲೋಟ ಅಲ್ಲೇ ಕುರ್ಚಿ ಕೆಳಗೆ ಬಿಟ್ಟು ಬರ್ಬೇಡಿ ದಯವಿಟ್ಟು.

ಟಿಕೆಟ್ ಎಷ್ಟಾಗುತ್ತೆ?

ದೇವಸ್ಥಾನದಲ್ಲಿ, ಸಭಾಗಳ (ಕಚೇರಿ ಏರ್ಪಡಿಸೋ ಸಂಘಗಳು) ಎಷ್ಟೋ ತಿಂಗಳ ಕಾರ್ಯಕ್ರಮಗಳಲ್ಲಿ ಸೊನ್ನೆ. ರಾಮನವಮಿ ಥರದ್ದಕ್ಕೆ ದಿನದ ಟಿಕೆಟ್ಟೂ ಇರುತ್ತೆ ಸೀಸನ್ ಪಾಸೂ ಇರುತ್ತೆ, ಐದಾರು ದಿನಕ್ಕಿಂತ ಜಾಸ್ತಿ ಹೋಗೋರು ಪಾಸ್ ತಗೊಳ್ಳೋದು ವಾಸಿ. ಪಬ್‌ನಲ್ಲಿ ಕವರ್ ಚಾರ್ಜ್ ಅಂತಾರೆ, ಕೆಲವು ಕಡೆ ಆ ದುಡ್ಡು ಊಟದ ಬಿಲ್ಲಿಗೆ ಅಡ್ಜಸ್ಟ್ ಆಗುತ್ತೆ, ಕೆಲವು ಕಡೆ ಆಗಲ್ಲ, ಬಾಗಿಲಲ್ಲೇ ಕೇಳ್ಕೊಳ್ಳಿ, ಒಳಗೆ ಹೋಗಿ ಜಗಳ ಆಡೋದಕ್ಕಿಂತ ಅದು ಒಳ್ಳೇದು.

ಆನ್‌ಲೈನಲ್ಲಿ ಬುಕ್ ಮಾಡುವಾಗ ಒಂದು ವಿಷಯ. ಸಂಗೀತ ಕಾರ್ಯಕ್ರಮದ ಟಿಕೆಟ್ 500 ರೂಪಾಯಿ ಒಳಗಿದ್ರೆ ಅದರ ಮೇಲೆ ಜಿಎಸ್‌ಟಿ ಇಲ್ಲ, ದಾಟಿದ್ರೆ 18 ಪರ್ಸೆಂಟ್. ಅದಕ್ಕೇ ಎಷ್ಟೋ ಸಣ್ಣ ಶೋಗಳು 499ಕ್ಕೆ ನಿಂತಿರ್ತವೆ. ಬುಕಿಂಗ್ ಆಪ್‌ನೋರ ಫೀಸು ಇದಕ್ಕೆ ಬೇರೆ, ಕೊನೇ ಸ್ಕ್ರೀನ್ ಬರೋವರೆಗೂ ರೇಟ್ ನಂಬ್ಬೇಡಿ.

ಎಷ್ಟು ಹೊತ್ತಿಗೆ ಹೋಗ್ಬೇಕು?

ಕಚೇರಿ ಆರಕ್ಕೆ ಅಂದ್ರೆ ಆರಕ್ಕೇ. ಸಭಾದವರ ಭಾಷಣ ಸನ್ಮಾನ ಇದ್ರೆ ಮಾತ್ರ ಲೇಟು, ಹಾರ ತುರಾಯಿ ಫಲತಾಂಬೂಲ ಅಂತ ಅರ್ಧ ಗಂಟೆ ಆರಾಮಾಗಿ ಹೋಗುತ್ತೆ. ಪಬ್‌ನಲ್ಲಿ ಎಂಟಕ್ಕೆ ಅಂದ್ರೆ ಒಂಬತ್ತು.

ಏನ್ ಹಾಕ್ಕೊಂಡು ಹೋಗ್ಬೇಕು? ಪಂಚೆ ಸೀರೆ ಬೇಕಾ?

ಬೇಡ. ಜೀನ್ಸು ಸಾಕು. ದೇವಸ್ಥಾನದಲ್ಲಿ ಚಡ್ಡಿ ಬೇಡ ಅಷ್ಟೇ, ಮತ್ತೆ ಚಪ್ಪಲಿ ಹೊಸದಾಗಿದ್ರೆ ಬ್ಯಾಗಲ್ಲಿ ಇಟ್ಕೊಳ್ಳಿ.

ಮಧ್ಯದಲ್ಲಿ ಎದ್ದು ಹೋಗ್ಬೋದಾ?

ಒಂದು ಕೃತಿ, ಅಂದ್ರೆ ಹಾಡು, ಮುಗಿದು ಇನ್ನೊಂದು ಶುರುವಾಗೋ ಗ್ಯಾಪಲ್ಲಿ ಹೋಗಿ. ಆಲಾಪನೆ ನಡೀತಿರುವಾಗ ಮುಂದಿನ ಸಾಲಿಂದ ಎದ್ದು ಹೋದ್ರೆ ಹಾಡೋರಿಗೆ ನೇರ ಕಾಣುತ್ತೆ.

ತನಿ ಆವರ್ತನಕ್ಕೆ (ಹಾಡು ನಿಲ್ಲಿಸಿ ಮೃದಂಗ ಥರದ ತಾಳವಾದ್ಯದವರು ಮಾತ್ರ ನುಡಿಸೋ ಭಾಗ) ಎದ್ದು ಹೋಗೋದೊಂದು ರೂಢಿ ಆಗಿಬಿಟ್ಟಿದೆ, ತನಿ ಅಂದ್ರೆ ಕಾಫಿ ಟೈಮು ಅಂತ. ಇದರ ಬಗ್ಗೆ ನಂಗೆ ಸ್ವಲ್ಪ ಸಿಟ್ಟಿದೆ, ಹೇಳೇ ಬಿಡ್ತೀನಿ. ಎರಡೂವರೆ ಗಂಟೆ ಕಚೇರೀಲಿ ಆ ಮೃದಂಗದವರಿಗೆ ಅಂತ ಸಿಗೋದು ಹತ್ತೋ ಹದಿನೈದೋ ನಿಮಿಷ. ಒಂದ್ಸಲ ಅರ್ಧ ಗಂಟೆ ಮುಂಚೆ ಹೋಗಿ ಅವರನ್ನ ನೋಡಿ. ಸಣ್ಣ ಡಬ್ಬೀಲಿ ರವೆ ತಂದಿರ್ತಾರೆ, ನಾವು ಉಪ್ಪಿಟ್ಟು ಮಾಡೋ ರವೆ ಜಾತೀದೇ, ನೀರು ಹಾಕಿ ಕಲಸಿ ಎಡಗಡೆ ಮುಖದ ಮಧ್ಯಕ್ಕೆ ಮೆತ್ತುತಾರೆ, ಒಂದು ಏಟು ಕೊಡ್ತಾರೆ, ಕಿವಿ ಹತ್ರ ತಗೊಂಡು ಹೋಗ್ತಾರೆ, ಇನ್ನೊಂಚೂರು ಮೆತ್ತುತಾರೆ, ಆ ಗುಂ ಅನ್ನೋ ದನಿ ಬರೋದು ಅದರಿಂದ್ಲೇ. ಬಲಗಡೆ ಕಪ್ಪಗೆ ಗಟ್ಟಿಯಾಗಿರೋದು ಕರಣೆ, ಅದಕ್ಕೆ ಕೈ ಹಚ್ಚಲ್ಲ, ಅಂಚಿಗೆ ಕಲ್ಲಲ್ಲಿ ಟಕ್ ಟಕ್ ಅಂತ ಹೊಡೆದು ಶ್ರುತಿಗೆ ತರ್ತಾರೆ. ಕಚೇರಿ ಮುಗಿದು ನಾವೆಲ್ಲ ಪಾರ್ಕಿಂಗ್ ಕಡೆ ಓಡುವಾಗ ಅವರು ಒಬ್ರೇ ವೇದಿಕೆ ಮೇಲೆ ಕೂತು ಒಣಗಿದ ರವೆ ಕೆರೆದು ತೆಗೀತಿರ್ತಾರೆ. ಇಷ್ಟು ನೋಡಿದ ಮೇಲೂ ಕಾಫಿಗೆ ಎದ್ದು ಹೋಗ್ತೀನಿ ಅಂದ್ರೆ ಹೋಗಿ.

ತನೀಲಿ ಏನ್ ಕೇಳ್ಬೇಕು ಅಂದ್ರೆ, ಮೃದಂಗದವರು ಒಂದು ತುಣುಕು ನುಡಿಸ್ತಾರೆ, ಘಟದವರೋ ಖಂಜೀರದವರೋ ಅದಕ್ಕೆ ಉತ್ತರ ಕೊಡ್ತಾರೆ, ತುಣುಕು ಚಿಕ್ಕದಾಗ್ತಾ ಆಗ್ತಾ ಕೊನೆಗೆ ಇಬ್ರೂ ಒಟ್ಟಿಗೆ. ಮುಗಿಸೋ ಲೆಕ್ಕ ಮೂರು ಸಲ ಬರುತ್ತೆ, ಮೂರನೇದು ಸರಿಯಾಗಿ ಗಾಯಕರು ಪಲ್ಲವಿ ಎತ್ತೋ ಜಾಗಕ್ಕೆ ಬಂದು ಬೀಳುತ್ತೆ. ಅವಾಗ ಚಪ್ಪಾಳೆ ತಾನಾಗೇ ಬರುತ್ತೆ ನೋಡಿ.

ಚಪ್ಪಾಳೆ ಯಾವಾಗ ಹೊಡೀಬೇಕು?

ಎಲ್ಲರೂ ಹೊಡೆದಾಗ. ಕೊನೇಲಿ ಮಂಗಳ ಹಾಡುವಾಗ ಮಾತ್ರ ಅದು ಮುಗಿಯೋವರೆಗೂ ಕೂತಿರಿ, ಎರಡೇ ನಿಮಿಷ.

ರೆಕಾರ್ಡ್ ಮಾಡ್ಕೋಬೋದಾ?

ಒಂದು ಫೋಟೋ ಸಾಕು, ಫ್ಲ್ಯಾಶ್ ಬೇಡ. ಬಹಳ ಕಡೆ ಶುರುವಲ್ಲೇ ಮೈಕಲ್ಲಿ ಹೇಳ್ತಾರೆ ರೆಕಾರ್ಡಿಂಗ್ ಬೇಡ ಅಂತ, ಆದ್ರೂ ಮುಂದಿನ ಸಾಲಲ್ಲಿ ಒಬ್ರು ಫೋನ್ ಎತ್ಕೊಂಡೇ ಇರ್ತಾರೆ, ಹಿಂದಿರೋ ನಮಗೆ ಗಾಯಕರ ಮುಖ ಆರಿಂಚಿನ ಸ್ಕ್ರೀನಲ್ಲಿ ಕಾಣುತ್ತೆ.

ಬ್ಯಾಂಡ್‌ಗಳ ಕಥೆ ಏನು? ಬೆಂಗಳೂರು ರಾಕ್ ಸಿಟಿ ಅಂತಾರಲ್ಲ, ನಿಜಾನಾ?

ಒಂದು ಕಾಲಕ್ಕೆ ಖಂಡಿತ ನಿಜ. ರೋಲಿಂಗ್ ಸ್ಟೋನ್ಸ್ 2003ರಲ್ಲಿ ಬಂದ್ರು, ಐರನ್ ಮೇಡನ್ 2007ರಲ್ಲಿ ಅರಮನೆ ಮೈದಾನದಲ್ಲಿ, ಮೆಟಾಲಿಕಾ 2011ರ ಅಕ್ಟೋಬರ್‌ನಲ್ಲಿ ಅಲ್ಲೇ. ಮೆಟಾಲಿಕಾದೋರು ಅದಕ್ಕೆ ಎರಡು ದಿನ ಮುಂಚೆ ದಿಲ್ಲಿ ಹತ್ರ ಆಗ್ಬೇಕಿದ್ದ ಶೋ ಕ್ಯಾನ್ಸಲ್ ಆಗಿ ಇಲ್ಲಿ ಮಾತ್ರ ನುಡಿಸಿದ್ರು, ಆಮೇಲೆ ವರ್ಷಗಟ್ಟಲೆ ಕಪ್ಪು ಟೀ ಶರ್ಟ್ ಹಾಕಿರೋ ಪ್ರತಿಯೊಬ್ಬನೂ ನಾನೂ ಅವತ್ತು ಅಲ್ಲಿದ್ದೆ ಅಂತಾನೇ ಹೇಳೋದು.

ಆದ್ರೆ ಲೋಕಲ್ ಸೀನ್ ಅಂದ್ರೆ ಅದಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಇಲ್ಲಿಯದೇ ಬ್ಯಾಂಡು, ಹಾಡೋದು ಇಂಗ್ಲಿಷಲ್ಲಿ. ಕನ್ನಡ ಬೇಕು ಅಂದ್ರೆ ರಘು ದೀಕ್ಷಿತ್ ಇದಾರೆ, ಸ್ವರಾತ್ಮ ಅನ್ನೋ ಬ್ಯಾಂಡ್ ಇದೆ. ಶಿಶುನಾಳ ಶರೀಫರ ಪದಗಳನ್ನ ಗಿಟಾರಲ್ಲಿ ಕೇಳಿ ನಮ್ಮ ತಂದೆ ಮೊದಲು ಮುಖ ಕಿವುಚಿದ್ರು, ಮೂರನೇ ಸಲಕ್ಕೆ ಅವರೇ ಕಾರಲ್ಲಿ ಹಾಕು ಅಂದ್ರು.

ಇದರಲ್ಲೊಂದು ತಮಾಷೆ ಇದೆ. ಬೆಂಗಳೂರು ಪೇಪರ್‌ಗಳಲ್ಲಿ 'ಲೈವ್ ಬ್ಯಾಂಡ್' ಅಂದ್ರೆ ಗಿಟಾರು ಡ್ರಮ್ಸು ಅಲ್ಲ, ಹುಡುಗೀರನ್ನ ಕುಣಿಸೋ ಬಾರು, 'ಲೈವ್ ಬ್ಯಾಂಡ್ ಮೇಲೆ ದಾಳಿ' ಅಂತ ಸುದ್ದಿ ಬರೋದು. ನಾನು ಊರಿಗೆ ಫೋನ್ ಮಾಡಿ ಶನಿವಾರ ಲೈವ್ ಬ್ಯಾಂಡ್‌ಗೆ ಹೋಗಿದ್ದೆ ಅಂದಾಗ ನಮ್ಮಮ್ಮ ಒಂದು ನಿಮಿಷ ಮಾತೇ ಆಡ್ಲಿಲ್ಲ. ಆ ಬಾರುಗಳನ್ನ ಹಿಡಿತಕ್ಕೆ ತರೋಕೆ 2005ರಲ್ಲಿ ಒಂದು ಲೈಸೆನ್ಸ್ ಆದೇಶ ಬಂತು, ಕೋರ್ಟಲ್ಲಿ ವರ್ಷಗಟ್ಟಲೆ ನಡೆದು 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡೀತು, ಪೆಟ್ಟು ಬಿದ್ದಿದ್ದು ಮೂಲೇಲಿ ಕೂತು ಗಿಟಾರ್ ನುಡಿಸ್ತಿದ್ದ ಹುಡುಗರಿಗೂ, ಯಾಕಂದ್ರೆ ಲೈವ್ ಸಂಗೀತ ಇಡೋ ಪಬ್ಬು ರೆಸ್ಟೋರೆಂಟುಗಳಿಗೂ ಅದೇ ಲೈಸೆನ್ಸ್ ಬೇಕಾಯ್ತು. ಎಷ್ಟೋ ಕಡೆ ಲೈವ್ ಮ್ಯೂಸಿಕ್ ನಿಂತೇ ಹೋಯ್ತು. ಇಂದಿರಾನಗರದ ಹಮ್ಮಿಂಗ್ ಟ್ರೀ ಅಂತ ಒಳ್ಳೆ ಜಾಗ ಇತ್ತು, 2019ರಲ್ಲಿ ಅದೂ ಬಾಗಿಲು ಹಾಕ್ತು. ಈಗ ಇರೋ ಜಾಗಗಳಲ್ಲಿ ನಂಗೆ ಇಷ್ಟ ವೈಟ್‌ಫೀಲ್ಡ್ ವಿಂಡ್‌ಮಿಲ್ಸ್, ಜಾಝ್ ಕೇಳೋಕೆ, ಅಲ್ಲಿ ಜನ ಕೇಳೋಕೇ ಬರ್ತಾರೆ, ದುಬಾರಿ ಮಾತ್ರ. ಅಂದಹಾಗೆ ಪಬ್‌ಗೆ ಇಪ್ಪತ್ತೊಂದು ಆಗಿರೋ ಐಡಿ ಕೇಳ್ತಾರೆ, ಮರೀಬೇಡಿ.

ಬಯಲಲ್ಲಿ ನಡೆಯೋ ಶೋ ಹತ್ತು ಗಂಟೆಗೇ ಯಾಕೆ ನಿಲ್ಲಿಸ್ತಾರೆ? ಆಗ ತಾನೇ ಮೂಡು ಬಂದಿರುತ್ತೆ!

ಕೇಂದ್ರದ 2000ದ ಶಬ್ದ ಮಾಲಿನ್ಯ ನಿಯಮ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಲೌಡ್‌ಸ್ಪೀಕರ್ ಇಲ್ಲ. ವರ್ಷಕ್ಕೆ ಹೆಚ್ಚಂದ್ರೆ ಹದಿನೈದು ದಿನ ಹಬ್ಬ ಹರಿದಿನಕ್ಕೆ ಹನ್ನೆರಡರವರೆಗೆ ಸರ್ಕಾರ ರಿಯಾಯಿತಿ ಕೊಡ್ಬೋದು. ಹಾಗಾಗಿ ಬ್ಯಾಂಡ್‌ನೋರು ಒಂಬತ್ತೂ ಮುಕ್ಕಾಲಿಗೆ ವಾಚ್ ನೋಡ್ಕೊಂಡ್ರೆ ಬೈಬೇಡಿ.

ದೊಡ್ಡ ಸ್ಟಾರ್‌ಗಳ ಶೋಗೆ ಸಾವಿರಾರು ರೂಪಾಯಿ ಕೊಟ್ಟು ಹೋಗ್ಬೋದಾ?

ನಿಮ್ಮ ದುಡ್ಡು ನಿಮ್ಮಿಷ್ಟ. ನಾನು ಹೋಗಿ ಸುಸ್ತಾದೆ. ಹೆಸರು ಬೇಡ, ಊರಾಚೆ ಒಂದು ಮೈದಾನ, ಟ್ರಾಫಿಕ್‌ನಲ್ಲಿ ಎರಡು ಗಂಟೆ, ಕ್ಯೂನಲ್ಲಿ ಒಂದೂವರೆ ಗಂಟೆ, ಗೇಟಲ್ಲಿ ನೀರಿನ ಬಾಟಲಿ ಕಿತ್ಕೊಂಡ್ರು, ಒಳಗೆ ಅದೇ ನೀರು ನೂರು ರೂಪಾಯಿ. ನಾನು ನಿಂತ ಜಾಗದಿಂದ ಹಾಡೋರು ಹೆಬ್ಬೆರಳಷ್ಟು, ಇಡೀ ಶೋ ಪರದೆ ಮೇಲೇ ನೋಡಿದ್ದು. ಅಷ್ಟು ದುಡ್ಡಲ್ಲಿ ಇಡೀ ಒಂದು ಸೀಸನ್ ಪೆಂಡಾಲಲ್ಲಿ ಕೂತ್ಕೋಬಹುದಿತ್ತು ಅಂತ ಲೆಕ್ಕ ಹಾಕ್ಕೊಂಡು ವಾಪಸ್ ಬಂದೆ. ಆದ್ರೂ ನೀವು ಹೋಗೋದೇ ಆದ್ರೆ ಸ್ಟೇಜ್ ಹತ್ರ ನುಗ್ಗಬೇಡಿ, ಸೌಂಡ್ ಮಿಕ್ಸ್ ಮಾಡೋರ ಟೆಂಟ್ ಇರುತ್ತಲ್ಲ ಮಧ್ಯದಲ್ಲಿ, ಅದರ ಮುಂದೆ ನಿಂತ್ಕೊಳ್ಳಿ, ಅವರು ಕೇಳ್ಕೊಂಡು ಸರಿ ಮಾಡೋ ಸೌಂಡೇ ನಿಮಗೂ ಸಿಗುತ್ತೆ. ಇಯರ್ ಪ್ಲಗ್ ಇಟ್ಕೊಳ್ಳಿ, ಮೆಡಿಕಲ್ ಶಾಪಲ್ಲಿ ಸಿಗುತ್ತೆ, ಬೆಳಗ್ಗೆ ಎದ್ದಾಗ ಕಿವಿ ಗುಂಯ್ ಅನ್ನಲ್ಲ.

ಬೀದೀಲಿ ಹಾಕೋ ಆರ್ಕೆಸ್ಟ್ರಾನೂ ಲೆಕ್ಕಕ್ಕಿದೆಯಾ?

ಯಾಕಿಲ್ಲ? ನನ್ನ ಪ್ರಕಾರ ಈ ಊರಲ್ಲಿ ಅತಿ ಹೆಚ್ಚು ಜನ ಲೈವ್ ಸಂಗೀತ ಕೇಳೋದೇ ಅಲ್ಲಿ. ಗಣೇಶನ ಹಬ್ಬ, ಅಣ್ಣಮ್ಮನ ಉತ್ಸವ, ಆಮೇಲೆ ನವೆಂಬರ್ ಒಂದರಿಂದ ತಿಂಗಳಿಡೀ ರಾಜ್ಯೋತ್ಸವ. ಕ್ರಾಸ್ ಬಂದ್ ಮಾಡಿ ಸ್ಟೇಜು, ಕೆಂಪು ಹಳದಿ ಬಾವುಟ, ಪ್ಲಾಸ್ಟಿಕ್ ಕುರ್ಚಿ, ಮುಂದಿನ ಎರಡು ಸಾಲು ಏರಿಯಾದ ಅಮ್ಮಂದಿರಿಗೆ, ಅದು ಬರೆದಿಡದ ನಿಯಮ. ಒಬ್ಬ ಗಾಯಕ ರಾಜ್‌ಕುಮಾರ್ ದನೀಲೂ ಹಾಡ್ತಾನೆ, ಎಸ್ಪಿಬಿ ದನೀಲೂ ಹಾಡ್ತಾನೆ, ಮಧ್ಯದಲ್ಲಿ ಏರಿಯಾ ಲೀಡರ್ ಬಂದ್ರೆ ಚರಣದಲ್ಲೇ ನಿಲ್ಲಿಸಿ ಸ್ವಾಗತ ಹೇಳಿ ಮತ್ತೆ ಅಲ್ಲಿಂದ್ಲೇ ಎತ್ಕೊಳ್ತಾನೆ.

ನಮ್ಮ ಬೀದೀಲಿ ಹೋದ ವರ್ಷ ಕೀಬೋರ್ಡಿನ ಹುಡುಗನ್ನ ಗಮನಿಸಿದೆ. ಹಳೇ ಹಾಡೊಂದರಲ್ಲಿ ಕೊಳಲು, ಪಿಟೀಲು, ವೀಣೆ ಮೂರೂ ಬರ್ತವೆ, ಅವನೊಬ್ನೇ, ಎಡಗೈಲಿ ಬಟನ್ ಒತ್ತಿ ದನಿ ಬದಲಾಯಿಸ್ತಾ ಬಲಗೈಲಿ ನುಡಿಸ್ತಾ, ಒಂದು ಕಡೇನೂ ತಡವರಿಸ್ಲಿಲ್ಲ, ಮುಂದೆ ನೋಟ್ಸೂ ಇಲ್ಲ. ಪಕ್ಕದಲ್ಲಿ ಕುಡಿದು ಕುಣೀತಿದ್ದೋನು ಸ್ಪೀಕರ್ ವೈರ್ ಎಡವಿದಾಗ ಕಾಲಲ್ಲೇ ಪ್ಲಗ್ ಒತ್ತಿ ಹಿಡ್ಕೊಂಡು ಹಾಡು ಮುಗಿಸ್ದ. ಅವನ ಹೆಸರು ಯಾವ ಬ್ಯಾನರ್‌ನಲ್ಲೂ ಇರ್ಲಿಲ್ಲ, ಬ್ಯಾನರ್ ಪೂರ್ತಿ ಲೀಡರ್‌ಗಳ ಫೋಟೋ.

ಹೆಂಗಸರು ಒಬ್ಬರೇ ಹೋಗ್ಬೋದಾ? ಮಕ್ಕಳನ್ನ?

ನಮ್ಮಕ್ಕ ವರ್ಷಗಳಿಂದ ಒಬ್ಳೇ ಹೋಗ್ತಾಳೆ. ಕಚೇರಿಗಳಲ್ಲಿ ಏನೂ ತೊಂದ್ರೆ ಇಲ್ಲ, ಎರಡನೇ ವಾರಕ್ಕೆ ಪಕ್ಕದ ಸೀಟಿನ ಆಂಟಿ ನಿಮಗೆ ಅಂತ ಸೀಟು ಹಿಡಿದು ಕರವಸ್ತ್ರ ಹಾಕಿರ್ತಾರೆ, ಮೂರನೇ ವಾರಕ್ಕೆ ಮದುವೆ ಆಗಿದೆಯಾ ಅಂತಾನೂ ಕೇಳ್ತಾರೆ. ಪಬ್ಬಿಗೆ ಜೊತೆ ಇದ್ರೆ ಒಳ್ಳೇದು ಅಂತ ಅವಳ ಮಾತು, ಸಂಗೀತಕ್ಕಲ್ಲ, ವಾಪಸ್ ಬರೋದಕ್ಕೆ.

ಮಕ್ಕಳನ್ನ ಕರ್ಕೊಂಡು ಹೋಗಿ, ಕೊನೇ ಸಾಲಲ್ಲಿ ತುದೀಲಿ ಕೂತ್ಕೊಳ್ಳಿ, ಅತ್ರೆ ಥಟ್ಟನೆ ಆಚೆ ಬರ್ಬೋದು. ಪೆಂಡಾಲಲ್ಲಿ ಅಮ್ಮನ ತೊಡೆ ಮೇಲೆ ನಿದ್ದೆ ಹೊಡೆಯೋ ಮಕ್ಕಳು ಬೇಕಾದಷ್ಟು.

ಎಲ್ಲಿ ಏನಿದೆ ಅಂತ ಗೊತ್ತಾಗೋದು ಹೇಗೆ?

ಕನ್ನಡ ಪೇಪರ್‌ಗಳ 'ನಗರದಲ್ಲಿ ಇಂದು' ಕಾಲಂ ನೋಡಿ, ಎಷ್ಟೋ ಸಣ್ಣ ಕಾರ್ಯಕ್ರಮ ಯಾವ ಆಪಲ್ಲೂ ಬರಲ್ಲ. ಸಭಾದ ಬಾಗಿಲಲ್ಲಿ ಫೋನ್ ನಂಬರ್ ಬರ್ಕೊಡಿ, ವಾಟ್ಸಾಪಲ್ಲಿ ಇನ್ವಿಟೇಶನ್ ಬರುತ್ತೆ. ಬ್ಯಾಂಡ್‌ಗಳದ್ದು ಇನ್‌ಸ್ಟಾಗ್ರಾಂ.

ಊಟ?

ಸಂಜೆ ಬೇಗ ಏನಾದ್ರೂ ತಿಂದ್ಕೊಂಡು ಹೋಗಿ, ಹೊಟ್ಟೆ ಹಸಿದ್ರೆ ಯಾವ ತೋಡಿ ರಾಗಾನೂ ರುಚಿಸಲ್ಲ. ಗಾಯನ ಸಮಾಜದ ಕಡೆ ಹೋದ್ರೆ ಮುಗಿಸ್ಕೊಂಡು ವಿ.ವಿ. ಪುರಂ ತಿಂಡಿ ಬೀದಿಗೆ ನಡೀರಿ, ಬಿಸಿ ಹೋಳಿಗೆ ಸಿಗುತ್ತೆ.

ಮುಗಿದ ಮೇಲೆ ವಾಪಸ್ ಬರೋದು?

ಫೋರ್ಟ್ ಹೈಸ್ಕೂಲ್‌ಗೆ ಕೆ.ಆರ್. ಮಾರ್ಕೆಟ್ ಮೆಟ್ರೋ ಹತ್ತಿರ. ಕಚೇರಿ ಸಾಮಾನ್ಯ ಒಂಬತ್ತು ಒಂಬತ್ತೂವರೆಗೆ ಮುಗಿಯೋದ್ರಿಂದ ಟ್ರೈನ್ ಸಿಗುತ್ತೆ, ಟೋಕನ್ ಕ್ಯೂ ನಿಲ್ಲೋ ಬದಲು ಹೋಗುವಾಗ್ಲೇ ಕಾರ್ಡಿಗೆ ದುಡ್ಡು ಹಾಕಿಸ್ಕೊಂಡಿರಿ. ಚೌಡಯ್ಯ ಹಾಲ್‌ದು ಸ್ವಲ್ಪ ಕಷ್ಟ, ಮೆಟ್ರೋ ದೂರ, ಸಾವಿರ ಜನ ಒಟ್ಟಿಗೆ ಆಚೆ ಬಂದು ಒಟ್ಟಿಗೆ ಆಟೋ ಬುಕ್ ಮಾಡ್ತಾರೆ, ರೇಟು ಕಣ್ಣೆದುರೇ ಏರುತ್ತೆ. ಗೇಟ್ ಮುಂದೆ ನಿಲ್ಲಬೇಡಿ, ಮಲ್ಲೇಶ್ವರದ ಕಡೆ ಹತ್ತು ನಿಮಿಷ ನಡೆದು ಅಲ್ಲಿಂದ ಬುಕ್ ಮಾಡಿ. ಜೊತೇಲಿ ನಡ್ಕೊಂಡು ಬರೋರು ಇದ್ದೇ ಇರ್ತಾರೆ, ಅವರ ಹಿಂದೇನೇ ಹೋಗಿ, ಅವರಿನ್ನೂ ಪಲ್ಲವಿ ಬಗ್ಗೆ ಜಗಳ ಆಡ್ತಿರ್ತಾರೆ.